ಮೀನೆಣ್ಣೆಯೂ ಬಸ್ತಿಹಳ್ಳಿಯ ಬೀಗಿತ್ತಿಯೂ

ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ನಾನು ಹುಟ್ಟಾ ಪುಕ್ಕಲ. ಅಂಗಡಿಗೆ ಬೀಗ ಹಾಕಿ ಬೀದಿ ತಿರುಗುವ ಮೊದಲೇ ವಾಪಸು ಬಂದು ಬೀಗ ಎಳೆದು ನೋಡುತ್ತೇನೆ. ಮೋಡ ಕಟ್ಟಿದರೆ ಕೊಬ್ಬರಿಗೆ ಬೂಷ್ಟು ಹಿಡಿದೀತೆಂಬ ಭಯ, ಕಟ್ಟದಿದ್ದರೆ ಬೋರು ಬತ್ತೀತೆಂಬ ಭಯ. "ಭಯ ಪಡೋಕೆ ನಿಮ್ಗೆ ಯಾರಾದ್ರೂ ಸಂಬಳ ಕೊಡ್ತಾರೇನ್ರೀ?" ಎಂದು ಹೆಂಡತಿ ಕೇಳುವುದುಂಟು. ಇಷ್ಟೆಲ್ಲ ಅಭ್ಯಾಸವಿದ್ದೂ, ನಿಜವಾಗಿ ಹೆದರಬೇಕಾದ ಹೊತ್ತು ಬಂದಾಗ ಅದು ಒಂದಿಷ್ಟೂ ಉಪಯೋಗಕ್ಕೆ ಬರಲಿಲ್ಲ.

ಮಗಳ ಕೂಸು ದಿನ ತುಂಬುವ ಮೊದಲೇ ಹುಟ್ಟಿತು. ಕರುಳಿನ ಒಂದು ಭಾಗ ಕೆಟ್ಟು, ಬೆಂಗಳೂರಿನ ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಉಳಿದ ಮೋಟು ಕರುಳಿಗೆ ಹಾಲು ಅರಗಿಸುವ ತ್ರಾಣವಿರಲಿಲ್ಲ. ತಾಯಿಯ ಹಾಲನ್ನು ಕೊಳವೆಯಲ್ಲಿ ತೊಟ್ಟು ತೊಟ್ಟಾಗಿ ಕೊಟ್ಟು, ಮಿಕ್ಕ ಆಹಾರವನ್ನೆಲ್ಲ ನೇರವಾಗಿ ರಕ್ತನಾಳಕ್ಕೇ ಏರಿಸುತ್ತಿದ್ದರು. ಅದರಲ್ಲಿ ಹಾಲಿನಷ್ಟೇ ಬೆಳ್ಳಗಿನ ಸೋಯಾ ಎಣ್ಣೆಯೂ ಇತ್ತು. ಮಗು ಬದುಕಿದ್ದು ಆ ಆಹಾರದಿಂದಲೇ, ಅದರ ಲಿವರ್ ಸೋಲತೊಡಗಿದ್ದೂ ಅದರಿಂದಲೇ. ಕಣ್ಣುಗಳು ಅರಿಸಿನದಂತಾದವು. ಕಕ್ಕ ಮಾತ್ರ ಸುಣ್ಣದ ಹಾಗೆ ಬಿಳಿ. ಪಿತ್ತ ಕರುಳಿಗೆ ಇಳಿಯುತ್ತಿಲ್ಲ, ಅದಕ್ಕೇ ಬಣ್ಣವಿಲ್ಲ, ಇಳಿದರೆ ಹಳದಿಯಾಗುತ್ತದೆ ಎಂದರು. ನಮ್ಮ ವ್ಯಾಪಾರದಲ್ಲಿ ಕೊಬ್ಬರಿ ಒಡೆದಾಗ ಬೆಳ್ಳಗಿದ್ದಷ್ಟೂ ಸಂತೋಷ. ಬಿಳುಪನ್ನು ನೋಡಿ ಹೆದರಿದ್ದು ಅದೇ ಮೊದಲು.

"ಸೋಯಾ ನಿಲ್ಲಿಸಿ ಮೀನೆಣ್ಣೆಯದನ್ನ ಕೊಟ್ಟು ನೋಡೋಣ" ಎಂದರು ಡಾಕ್ಟರು. "ಕೆಲವು ಮಕ್ಕಳಲ್ಲಿ ಲಿವರ್ ಚೇತರಿಸಿಕೊಳ್ಳುತ್ತೆ. ಖಂಡಿತ ಅಂತ ಹೇಳಲಾರೆ. ಆದರೆ ಹೀಗೇ ಬಿಟ್ಟರೆ ಕಷ್ಟ. ಹೊರಗಿಂದ ತರಿಸಬೇಕು, ಬೇಗ ಹೇಳಿ."

"ಕೊಬ್ಬರಿ ಎಣ್ಣೆ ಆಗಲ್ವಾ ಡಾಕ್ಟ್ರೇ? ಒಳ್ಳೇದೇ ತಂದುಕೊಡ್ತೀನಿ" ಎಂದೆ. ಮಗಳು ನನ್ನ ಕಾಲು ತುಳಿದಳು. ಡಾಕ್ಟರು ನಗಲಿಲ್ಲ. ಅವರು ನಗಲಿಲ್ಲವೆಂದೇ ನನಗೆ ಇನ್ನಷ್ಟು ಭಯವಾಯಿತು.

ನಮ್ಮ ಎರಡೂ ಮನೆಗಳಲ್ಲಿ ಮೊಟ್ಟೆ ಮುಟ್ಟಿದವರಿಲ್ಲ. ಅಳಿಯ ಓದಿದವನು, ಆದರೆ ಅಂಗಿಯ ಬಣ್ಣವನ್ನೂ ತಾಯಿಯನ್ನು ಕೇಳಿ ಆರಿಸುವವನು. "ಅಮ್ಮ ಹೂಂ ಅನ್ನದೆ ನಾನು ಹೆಂಗೆ ಹೇಳ್ಲಿ ಮಾವ? ಫೋನಲ್ಲಿ ಹೇಳೋ ಮಾತೂ ಅಲ್ಲ. ನೀವೇ ಹೋಗಿ ಕೇಳಿ" ಎಂದ. ಅವನ ತಾಯಿ, ನಮ್ಮ ಬೀಗಿತ್ತಿ, ಇರುವುದು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ. ಲಿಂಗಪೂಜೆಯಾಗದೆ ಗುಟುಕು ನೀರು ಕುಡಿಯದ ಹೆಂಗಸು. ಒಮ್ಮೆ ನಮ್ಮ ಮನೆಯ ಬಿಸ್ಕತ್ತಿನಲ್ಲಿ ಮೊಟ್ಟೆ ಇದ್ದೀತೆಂಬ ಅನುಮಾನಕ್ಕೆ, ಅದನ್ನು ದನಕ್ಕೂ ಹಾಕಬಾರದೆಂದು ತೆಂಗಿನ ಬುಡದಲ್ಲಿ ಹೂಳಿಸಿದ್ದರು.

ರೈಲಿನಲ್ಲಿ ಅರಸೀಕೆರೆಗೆ ಬಂದು ಜಾವಗಲ್ ದಾರಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡೆ. ಅವರು ಬೇಡವೆಂದರೆ ಅಳಿಯ ಬೇಡವೆನ್ನುತ್ತಾನೆ, ಅಷ್ಟರಲ್ಲಿ ಕೂಸು... ಅಲ್ಲಿಂದ ಮುಂದಕ್ಕೆ ಯೋಚನೆ ಹೋಗುತ್ತಿರಲಿಲ್ಲ.

ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ಬೀಗಿತ್ತಿ ನನ್ನನ್ನು ಕಂಡೊಡನೆ ಎದ್ದು ನಿಂತರು.

"ಏನ್ ಬೀಗ್ರೇ, ಹೇಳ್ದೆ ಕೇಳ್ದೆ ಬಂದ್ರಿ? ಮಗು ಹೆಂಗೈತೆ?"

ಹೊಂದಿಸಿಕೊಂಡ ಮಾತೆಲ್ಲ ಮರೆತುಹೋಯಿತು. "ಮೀನೆಣ್ಣೆ ಕೊಡ್ಬೇಕಂತೆ ಅಕ್ಕಾವ್ರೇ."

"ಬಾಯಿಗಾ?"

"ಇಲ್ಲ, ನರಕ್ಕೆ."

ಅವರು ಕೈಲಿದ್ದ ಬತ್ತಿಯನ್ನು ಕೆಳಗಿಟ್ಟು ಕೇಳಿದರು: "ಮುಳ್ಳಿರಕ್ಕಿಲ್ವಾ?"

"ಎಣ್ಣೆ ಅಕ್ಕಾವ್ರೇ. ಮುಳ್ಳೆಲ್ಲಿಂದ ಬರ್ಬೇಕು?"

ಅವರು ಸೀದಾ ಪೂಜೆಮನೆಗೆ ಹೋದರು. ಹೊರಗೆ ಬರಲೇ ಇಲ್ಲ. ಮಠದ ಅಯ್ಯನವರಿಗೆ ಫೋನು ಮಾಡುತ್ತಿದ್ದಾರೆಯೇ? ಅವರು ಬೇಡವೆಂದುಬಿಟ್ಟರೆ? ನಾನು ಜಗಲಿಯ ಕಂಬ ಹಿಡಿದುಕೊಂಡು ನಿಂತೆ.

ಬಂದಾಗ ಅವರ ಅಂಗೈಯಲ್ಲಿ ರೇಷ್ಮೆ ಬಟ್ಟೆಯ ಸಣ್ಣ ಗಂಟಿತ್ತು. ಮಗುವಿಗೆಂದು ತಂದಿಟ್ಟ ಲಿಂಗ. ನಮ್ಮಲ್ಲಿ ಹುಟ್ಟಿದ ಕೂಸಿಗೆ ಬೇಗನೆ ಲಿಂಗ ಕಟ್ಟುತ್ತೇವೆ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೆ ಏನನ್ನೂ ಬಿಡುವುದಿಲ್ಲವಾದ್ದರಿಂದ ಅದು ಅವರ ಪೂಜೆಮನೆಯಲ್ಲೇ ಕಾಯುತ್ತಿತ್ತು.

"ಕಟ್ಟಿಲ್ಲ ತಾನೆ ಇನ್ನೂ?" ಎಂದರು.

"ಇಲ್ಲ."

"ಕಟ್ಟಿದ್ ಮ್ಯಾಲಾಗಿದ್ರೆ ನಾನ್ ಒಪ್ತಿರ್ಲಿಲ್ಲ ಕಣ್ರೀ. ಕಟ್ಟೋಕ್ ಮುಂಚೆ ಒಳಿಕ್ಕೋಗಿದ್ದು ಲೆಕ್ಕಕ್ಕಿಲ್ಲ. ಆ ಎಣ್ಣೆ ನಿಂತ ದಿನ ಕಟ್ಟಾನ." ಗಂಟನ್ನು ಮತ್ತೊಮ್ಮೆ ಬಿಗಿದರು. "ಕಟ್ಟಾಕೆ ಮಗು ಇರ್ಬೇಕಲ್ಲ. ನಿಮ್ ಮುಖ ನೋಡಿ ಮಗೀಗೇ ಏನೋ ಆಗೋಯ್ತು ಅನ್ಕಂಡೆ. ಮೀನು ಅಂದ್ರಲ್ಲ, ಆಗ ಉಸಿರು ಬಂತು. ಇನ್ನೂ ಯಾಕ್ ನಿಂತಿದೀರಿ? ಫೋನ್ ಮಾಡಿ!"

ಮಾಡಿದೆ. ಎಣ್ಣೆ ಬಂತು, ಏರಿತು. ವಾರಗಳು ಕಳೆದರೂ ಕಣ್ಣಿನ ಹಳದಿ ಕರಗಲಿಲ್ಲ. ಮಗಳು ಡೈಪರಿನ ಫೋಟೊ ಕಳಿಸುತ್ತಿದ್ದಳು. ನಾನು ಕೊಬ್ಬರಿ ರಾಶಿಯ ನಡುವೆ ಕೂತು ಅದನ್ನೇ ದೊಡ್ಡದು ಮಾಡಿ ನೋಡುತ್ತಿದ್ದೆ. ಬಿಳಿ. ಮತ್ತೆ ಬಿಳಿ. ಫೋನು ಸದ್ದು ಮಾಡಿದರೆ ಭಯ, ಮಾಡದಿದ್ದರೆ ಅದಕ್ಕಿಂತ ಭಯ.

ಕೊನೆಗೊಂದು ಫೋಟೊದಲ್ಲಿ ಏನೋ ಬೇರೆ ಕಂಡಿತು. ಆದರೆ ಅದು ರಾತ್ರಿ ದೀಪದಡಿ ತೆಗೆದದ್ದು. ದೀಪದ ಬೆಳಕಿನಲ್ಲಿ ನೋಡಿ ನಾವು ಯಾವತ್ತೂ ಕೊಬ್ಬರಿಗೆ ಬೆಲೆ ಕಟ್ಟುವುದಿಲ್ಲ. ಬಾಗಿಲಿಗೆ ತಂದು, ಒಡೆದು, ಹಗಲ ಬೆಳಕಿಗೆ ಹಿಡಿಯಬೇಕು. ಸಿಕ್ಕಿದ ರೈಲು ಹತ್ತಿದೆ.

ಮರುದಿನ ಬೆಳಿಗ್ಗೆ ನರ್ಸಮ್ಮನನ್ನು ಗೋಗರೆದು ಡೈಪರನ್ನು ಕಿಟಕಿಯ ಹತ್ತಿರ ತರಿಸಿಕೊಂಡೆ. "ಏನ್ ಅಂಕಲ್, ಇದಕ್ಕೂ ರೇಟ್ ಕಟ್ತೀರಾ?" ಎಂದು ಆಕೆ ನಕ್ಕರು.

ಬಿಸಿಲಿಗೆ ಹಿಡಿದೆ. ನಡುವೆ ಅದೇ ಸುಣ್ಣ. ಅಂಚಿನಲ್ಲಿ ಮಾತ್ರ ಹೆಸರುಬೇಳೆಯಂಥ ತೆಳು ಬಣ್ಣ. ಬಣ್ಣವೋ, ಬಿಸಿಲಿನದೋ, ನನ್ನ ಆಸೆಯದೋ? ಆ ಕಡೆ ತಿರುಗಿಸಿದೆ, ಈ ಕಡೆ ತಿರುಗಿಸಿದೆ. ಎಲ್ಲಿ ತಿರುಗಿಸಿದರೂ ಅದು ಅಲ್ಲೇ ಇತ್ತು.

"ಹಳದಿ ಅಲ್ವೇನಪ್ಪಾ?" ಮಗಳು ನನ್ನ ಹೆಗಲ ಮೇಲಿಂದ ಬಗ್ಗಿ ಕೇಳಿದಳು.

"ಇನ್ನೊಂದು ಬರ್ಲಿ ಕಣಮ್ಮ, ನೋಡಿ ಹೇಳ್ತೀನಿ" ಎಂದು, ಕಿಟಕಿಯ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತೆ.