ಗಜು ಮಾಮ ಸಹಿ ಹಾಕಲಿಲ್ಲ

ಗಜು ಮಾಮ ತಗಡನ್ನು ಬರಿಗೈಯಲ್ಲಿ ಮುಟ್ಟಿ ನೋಡಿದವರೇ ಅಲ್ಲ. ಹೆಂಡತಿಯ ಹಳೇ ಸೀರೆಯ ತುಂಡನ್ನು ಅಂಗೈಯಡಿ ಇಟ್ಟುಕೊಂಡು, ಕಣ್ಣು ಮುಚ್ಚಿ, ವಿಮಾನದ ರೆಕ್ಕೆಯನ್ನು ನಿಧಾನವಾಗಿ ಸವರುತ್ತಿದ್ದರು. "ಬರಿಗೈ ಸುಳ್ಳು ಹೇಳ್ತದೆ ತಂಗಿ, ಬಟ್ಟೆ ಹೇಳುದಿಲ್ಲ" ಎನ್ನುತ್ತಿದ್ದರು. ನನಗೆ ನುಣ್ಣಗೆ ಕಂಡ ಕಡೆಯೇ ಅವರ ಕೈ ನಿಲ್ಲುತ್ತಿತ್ತು. ಅಲ್ಲೊಂದು ತಗ್ಗು ಇದ್ದೇ ಇರುತ್ತಿತ್ತು.

ದೇವಬಾಗದ ಮೀನುಗಾರರ ಮನೆಯವರು. ತಮ್ಮಂದಿರು ದೋಣಿ ಹತ್ತಿದರೆ ಇವರು ಎಲ್ಲೆಲ್ಲಿಯದೋ ವಿಮಾನದ ಶೆಡ್ಡುಗಳಲ್ಲಿ ಮೂವತ್ತು ವರ್ಷ ತಗಡು ರಿಪೇರಿ ಮಾಡಿ ಊರಿಗೆ ಮರಳಿದ್ದರು. ರಿಪೇರಿಗೆ ಸಹಿ ಹಾಕುವ ಲೈಸೆನ್ಸೂ ಇತ್ತು. ಶಿರವಾಡದ ನಮ್ಮ ಖಾಲಿ ಶೆಡ್ಡಿಗೆ ಅಂಕೋಲೆಯ ಗೋಡಂಬಿ ಸಾವಕಾರರೊಬ್ಬರು ನಾಲ್ಕು ಸೀಟಿನ ಹಳೇ ವಿಮಾನ ತಂದಿಟ್ಟಾಗ, ಅದರ ರಿಪೇರಿಗೆ ಬಂದ ಮಾಮನ ಪರಿಚಯವಾಯಿತು. ರೆಕ್ಕೆ ಬಿಚ್ಚಿ ಲಾರಿಯಲ್ಲಿ ತರುವಾಗ, ಅಂಕೋಲೆ ಪೇಟೆಯ ತಿರುವಿನಲ್ಲಿ ಎದುರು ಬಂದ ಬಸ್ಸು ತಾಗಿ ಒಂದು ರೆಕ್ಕೆ ಮೊಳದುದ್ದ ಹರಿದಿತ್ತು. ಸಾವಕಾರರಿಗೆ ಅದನ್ನು ಸರಿಮಾಡಿಸಿ ಘಟ್ಟದ ಮೇಲಿನ ಹಾರಾಟದ ಶಾಲೆಗೆ ಮಾರುವ ಆತುರ.

ತಗಡಿಗೆ ತಗಡು ಜೋಡಿಸುವ ರಿವೆಟ್ ಮೊಳೆ ಹೊಡೆಯಲು ಇಬ್ಬರು ಬೇಕು. ಹೊರಗಿನಿಂದ ಮಾಮ ಅದನ್ನು ಬಡಿಯುವ ಗನ್ ಹಿಡಿದರೆ, ಒಳಗಿನಿಂದ ಕಬ್ಬಿಣದ ಗಟ್ಟಿಯೊಂದನ್ನು ಒತ್ತಿ ಹಿಡಿಯಬೇಕು. ರೆಕ್ಕೆಯ ಕಿಂಡಿಯೊಳಗೆ ಹೋದದ್ದು ನನ್ನ ಕೈ ಮಾತ್ರ. ಬಳೆ ತೆಗೆದಿಟ್ಟು ಬಾ ಎಂದರು. ಒಬ್ಬರ ಮುಖ ಒಬ್ಬರಿಗೆ ಕಾಣದು. ನಾನು ಒಳಗಿನಿಂದ ತಗಡಿಗೆ ಎರಡು ಸಲ ಕುಟ್ಟಿದರೆ ಸರಿಯಾಯಿತು, ಮೂರು ಸಲ ಕುಟ್ಟಿದರೆ ಕೆಟ್ಟಿತು, ಕಿತ್ತು ಹಾಕು. ಮೊದಲ ವಾರ ನಾನು ಕುಟ್ಟಿದ್ದು ಹೆಚ್ಚಾಗಿ ಮೂರೇ. "ಅಡುಗೆಮನೇಲೂ ಹಿಂಗೇ ಆದ್ರೆ ನಿನ್ನ ಗಂಡಂಗೆ ಉಪಾಸವೇ ಸೈ" ಎಂದು ನಗುತ್ತ ಕೀಳುತ್ತಿದ್ದರು, ಬೇಸರಿಸಿದ್ದಿಲ್ಲ.

ಕ್ರಮೇಣ ತೇಪೆಯ ತಗಡಿಗೆ ಗುರುತು ಹಾಕುವುದನ್ನೂ ನನಗೇ ಬಿಟ್ಟರು. ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ನೋಡಿದರೆ ಗುರುತಿನ ಪೆನ್ನು ಒಣಗಿದೆ. ಮನೆಯಲ್ಲಿ ರವಿಕೆ ಹೊಲಿಯುವವಳು ನಾನು. ಪೆನ್ಸಿಲಿನಲ್ಲಿ ಗೆರೆ ಎಳೆದು, ಬಟ್ಟೆಗೆ ಮಾಡುವ ಹಾಗೆಯೇ ಗೆರೆಯ ಬದಿಯನ್ನು ಒಳಮುಖ ಮಾಡಿ ರೆಕ್ಕೆಗೆ ಕ್ಲಿಪ್ ಹಾಕಿಟ್ಟೆ. ಹೊರಗೆ ಚೊಕ್ಕ ಕಾಣಲಿ ಎಂದು.

ಮರುದಿನ ಅರ್ಧ ರಿವೆಟ್ ಮುಗಿದ ಮೇಲೆ, ಹೊಸ ಪೆನ್ನು ತರಬೇಕು, ನಿನ್ನೆ ಪೆನ್ಸಿಲಿನಲ್ಲೇ ಸುಧಾರಿಸಿದೆ ಎಂದೆ. ಗನ್ ನಿಂತಿತು. ಪೆನ್ಸಿಲಿನ ಸೀಸ ಎರಡು ತಗಡಿನ ನಡುವೆ ಸಿಕ್ಕಿಕೊಂಡರೆ, ನಮ್ಮ ಉಪ್ಪುಗಾಳಿಯ ತೇವಕ್ಕೆ ಆ ಗೆರೆಯುದ್ದಕ್ಕೂ ಅಲ್ಯುಮಿನಿಯಂ ಸವೆಯುತ್ತ ಹೋಗುತ್ತದೆ ಎಂದು ಮೆಲ್ಲನೆ ವಿವರಿಸಿದರು. ಮೊದಲೇ ಹೇಳದಿದ್ದದ್ದು ತಮ್ಮ ತಪ್ಪು ಎಂದರು. ಡ್ರಿಲ್ ಎತ್ತಿಕೊಂಡು, ಹೊಡೆದ ರಿವೆಟ್ಟುಗಳನ್ನು ಒಂದೊಂದಾಗಿ ತೆಗೆಯತೊಡಗಿದರು.

ಅಷ್ಟರಲ್ಲಿ ಸಾವಕಾರರು ಬಂದು ಸಂಗತಿ ಕೇಳಿಕೊಂಡರು. ಮರುದಿನವೇ ಶಾಲೆಯ ಲಾರಿ ಬರುವುದಿತ್ತು. ಸೀಸ ತಾಗಿದ ತಗಡನ್ನು ಮತ್ತೆ ಹಾಕುವಂತಿರಲಿಲ್ಲ; ಹೊಸ ತಗಡು ಬರಬೇಕೆಂದರೆ ಹದಿನೈದು ದಿನ.

"ಗೆರೆ ಒಳಗದೆ. ಯಾರು ಕಾಣ್ತಾರೆ ಮಾರಾಯ?"

"ನಂಗೆ ಗೊತ್ತಾಯ್ತಲ್ಲ. ಸಾಕು" ಎಂದರು ಮಾಮ, ತಲೆ ಎತ್ತದೆ.

ಯಾರು ಎಳೆದದ್ದು ಎಂದು ಸಾವಕಾರರು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ "ನಾನೇ" ಎಂದುಬಿಟ್ಟರು. ಹಾಗಾದರೆ ನಾಳೆಯಿಂದ ಬರುವುದು ಬೇಡ ಎಂದಾಯಿತು.

ಅಂಕೋಲೆಯಿಂದ ಕಾರಿನ ತಗಡು ಬಡಿಯುವವನೊಬ್ಬ ಬಂದು ಅದೇ ತೇಪೆಗೆ ರಿವೆಟ್ ಹೊಡೆದು ಬಣ್ಣ ಬಳಿದ. ಆದರೆ ಸಹಿ ಇಲ್ಲದೆ ಶಾಲೆಯವರು ಒಯ್ಯಲೊಲ್ಲರು. ಲಾರಿ ಖಾಲಿ ಹೋಯಿತು. ಸಾವಕಾರರು ಸಹಿ ಹಾಕಬೇಕಾದ ಕಾಗದ ಕೊಟ್ಟು ನನ್ನನ್ನೇ ದೇವಬಾಗಕ್ಕೆ ಕಳಿಸಿದರು. ಮಾಮನ ಕಾಲು ಬಾತಿತ್ತು; ನಾಲ್ಕು ಮಾತಿಗೊಮ್ಮೆ ಉಸಿರು ಎಳೆಯುತ್ತಿದ್ದರು. ಸಹಿ ಹಾಕಿದರೆ ಮತ್ತೆ ಕೆಲಸಕ್ಕೆ ಕರೆಯುತ್ತಾರಂತೆ ಎಂದೆ. ಪೂರ್ತಿ ಓದಿ, ಮಡಚಿ, ನನ್ನ ಕೈಯಲ್ಲಿಟ್ಟರು.

"ನನ್ನ ಸಹಿ ನಂಬ್ಕಂಡು ಮೇಲೆ ಹೋಗುದು ಕಲಿಯೂಕೆ ಬಂದ ಮಕ್ಕಳು. ಹಾಕುದಿಲ್ಲ ಅಂತ ಹೇಳು. ಚಾ ಕುಡ್ದೇ ಹೋಗು."

ಅವರನ್ನು ಕಂಡದ್ದು ಅದೇ ಕಡೆಯ ಸಲ. ಆ ಮಳೆಗಾಲದಲ್ಲಿ ತೀರಿಕೊಂಡರು.

ವಿಮಾನ ನಮ್ಮ ಶೆಡ್ಡಿನಲ್ಲೇ ಇದೆ. ಸಹಿ ಹಾಕಬಲ್ಲವರನ್ನು ಸಾವಕಾರರು ಹುಡುಕಿ ಕಳಿಸುತ್ತಾರೆ. ಬಾಗಿಲು ತೆರೆಯುವವಳು ನಾನು. ಪೆನ್ಸಿಲಿನ ಗೆರೆ ಎಲ್ಲಿದೆ, ಎಳೆದವಳು ಯಾರು ಎಂದು ಬಂದವರಿಗೆಲ್ಲ ಹೇಳಿಬಿಡುತ್ತೇನೆ. ಇಬ್ಬರು ಕೇಳಿಕೊಂಡು ಹೊರಟುಹೋದರು. ಕಳೆದ ಸೋಮವಾರ ಬಂದವನು ಆ ರಿವೆಟ್ಟುಗಳನ್ನು ಕೀಳಲು ಡ್ರಿಲ್ ಕೇಳಿದ. ನಾನು ಬಳೆ ತೆಗೆದಿಟ್ಟೆ. ಸುದ್ದಿ ತಿಳಿದ ಸಾವಕಾರರು ಫೋನಿನಲ್ಲಿ ಕೂಗುತ್ತಲೇ ಇದ್ದರು. ಡ್ರಿಲ್ಲಿನ ಸದ್ದಿಗೆ ಒಂದಕ್ಷರವೂ ಕೇಳಿಸಲಿಲ್ಲ.