ಅಂಬಕ್ಕತ್ತೆ ಕಂಡ ಹುಳ

ಆಕಳಿಗೆಂದು ನೆನೆಹಾಕಿದ ಹತ್ತಿಕಾಳಿನ ಹಸಿ ಜಿಡ್ಡು ವಾಸನೆ ಎಲ್ಲಾದರೂ ಬಂದರೆ ಧಾರವಾಡದ ನಮ್ಮ ಹಳೆಯ ಮನೆಯ ಹಿತ್ತಿಲು ಕಣ್ಣ ಮುಂದೆ ನಿಲ್ಲುತ್ತದೆ. ಇಷ್ಟು ಸಲೀಸಾಗಿ ನಿಲ್ಲುವುದರಿಂದಲೇ ನನಗೆ ಅದರ ಮೇಲೆ ಅನುಮಾನ. ಮೂವತ್ತರ ದಶಕವದು. ತಂದೆಯ ಅಕ್ಕ ಅಂಬಕ್ಕತ್ತೆ, ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಯ ಅಡಿಗೆ ಹೊತ್ತವಳು, ಹೆಬ್ಬಳ್ಳಿಯ ಹೊಲದಿಂದ ಬಂದ ಹುಳುಕು ಹತ್ತಿಕಾಯಿಗಳನ್ನು ಮಡಕೆಯಲ್ಲಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ, ಅವುಗಳಲ್ಲಿ ಹುಳ ಬೆಳೆಯುವ ಬಗೆಯನ್ನು ದಿನವೂ ನೋಡುತ್ತಿದ್ದಳು. "ಹುಳಾ ಸಾಕ್ಯಾಳ ಅಂಬಕ್ಕ, ನಾಳಿ ತೊಟ್ಲಾಗ ಹಾಕಿ ತೂಗತಾಳ ನೋಡ್ರಿ" ಎಂದು ಓಣಿಯ ಹೆಂಗಸರು ನಗುತ್ತಿದ್ದರು.

ಬೆಳಿಗ್ಗೆ ಮಿಂದು ಮಡಿಯುಟ್ಟ ಮೇಲೆ ಅವಳು ಹುಳವನ್ನಾಗಲಿ, ನನ್ನ ಸಾಲೆಯ ನೋಟಬುಕ್ಕನ್ನಾಗಲಿ ಮುಟ್ಟುವಂತಿರಲಿಲ್ಲ. ಮಡಿ ಬಿಟ್ಟ ಮೇಲೆ ಬರೆಯೋಣವೆಂದರೆ ಸಂಜೆಯಾಗುತ್ತಿತ್ತು. ಅಷ್ಟರಲ್ಲಿ ಕಂಡದ್ದಕ್ಕೆ ಊಹೆ ಬೆರೆಯುತ್ತದೆಂದು ಅವಳ ಶಂಕೆ. ಹಾಗಾಗಿ ನಾನು ಬಟ್ಟೆ ಸರಿಸುವುದು, ಅವಳು ಬಗ್ಗಿ ನೋಡಿ ಹೇಳುವುದು, ನಾನು ಬರೆದುಕೊಳ್ಳುವುದು. "ಪೊರಿ ಕಳಚ್ಯದ, ಮೈ ಗುಲಾಬಿ ಆಗ್ಯದ. ನಾ ಹೇಳಿದಷ್ಟ ಬರಿ ತಮ್ಮಾ, ನಿನ್ನ ಶ್ಯಾಣೇತನ ಸೇರಸಬ್ಯಾಡ."

ಒಂದು ದಿನ ಸಾಲೆಯ ತಪಾಸಣೆಗೆ ಬಂದ ಸಾಹೇಬರು ಆ ನೋಟಬುಕ್ಕನ್ನು ತಿರುವಿ, "ಮಾಸ್ತರ, ಈ ಹುಡುಗ ವಿಜ್ಞಾನಿ ಆಗ್ತಾನ ನೋಡ್ರಿ" ಎಂದು ನನಗೊಂದು ಭೂತಗನ್ನಡಿ ಬಹುಮಾನ ಕೊಟ್ಟರು. ಅದನ್ನು ಕಂಡೇ ಅಪ್ಪ ಮುಂದೆ ನನ್ನನ್ನು ವಿಜ್ಞಾನ ಓದಲು ಕಳಿಸಿದ್ದು. ಇದೆಲ್ಲ ಅತ್ತೆ ಕಂಡದ್ದೆಂದು ಸಾಹೇಬರಿಗೆ ಅಲ್ಲೇ ಹೇಳಿದೆನೆಂದು ಇಷ್ಟು ವರ್ಷ ನಂಬಿದ್ದೆ. ತಡವಾಗಿ ಸಾಲೆಗೆ ಸೇರಿ ನನ್ನ ವರ್ಗದಲ್ಲೇ ಇದ್ದ ಅಕ್ಕ ಈಚೆಗೆ ನಕ್ಕುಬಿಟ್ಟಳು: "ಖರೇ ಹೇಳಲೇನು? ನೀ ತುಟಿ ಪಿಟಕ್ ಅನ್ನಲಿಲ್ಲ."

ಆ ಸಂಜೆ ಕನ್ನಡಿ ತೋರಿಸಿದಾಗ ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು: "ಎಂಟನೇ ದಿನದ್ದು ನೀ ತಪ್ಪ ಬರದಿದ್ದಿ. ಸಾಹೇಬ್ರು ತಿದ್ದಿದ್ರೇನು?"

"ಇಲ್ಲತ್ತಿ."

"ಹಂಗಾರ ಅವರು ಓದೇ ಇಲ್ಲ."

ಬೈಯಲಿಲ್ಲ, ಅಳಲಿಲ್ಲ. ನನಗೆ ಅನುಕೂಲವಾದ ಈ ನೆನಪನ್ನೂ ನಾನೇ ಹೊಸೆದಿರಬಹುದು. ಆ ಮನೆ ಈಗಿಲ್ಲ, ನೋಟಬುಕ್ಕು ಎಲ್ಲಿ ಹೋಯಿತೋ, ಕೇಳೋಣವೆಂದರೆ ಅವಳಿಲ್ಲ. ವಿಜ್ಞಾನ ಕಲಿತ ಹೆಂಗಸರ ಯಾವ ಪಟ್ಟಿಯಲ್ಲೂ ಅವಳ ಹೆಸರಿಲ್ಲ. ಸಂಶಯವಿಲ್ಲದೆ ನೆನಪಿರುವುದು ಒಂದೇ: ಮರುದಿನ ಬೆಳಿಗ್ಗೆ ನಾನು ಪೆನ್ಸಿಲ್ ಹಿಡಿದು, ಸಾಲೆಯ ಗಂಟೆ ಬಾರಿಸುವವರೆಗೂ ಹಿತ್ತಿಲಲ್ಲಿ ಕಾದೆ. ಹುಳ ನೋಡಿ ಹೇಳಲು ಅವಳು ಅತ್ತ ಬರಲೇ ಇಲ್ಲ.