ನಾಲ್ಕು ಮೇಜಿಗೆ ನಾಲ್ಕು ಜಾಕೆಟ್

ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಯ್ ಬಂದರಿನ ಆ ಫಿಶ್ ಅಂಡ್ ಚಿಪ್ಸ್ ಅಂಗಡಿಯಲ್ಲಿ ಸಮುದ್ರದ ಕಡೆಗೆ ಕಿಟಕಿಯಿರುವ ಮೇಜುಗಳು ನಾಲ್ಕೇ. ಅಲ್ಲಿ ಕೂತರೆ ಡೆನ್ಮಾರ್ಕಿಗೆ ಹೋಗುವ ಹಡಗುಗಳು ಕಾಣುತ್ತವೆ. ಉಳಿದ ಒಂಬತ್ತು ಮೇಜುಗಳಿಂದ ಕಾಣುವುದು ಗೋಡೆ, ಇಲ್ಲವೇ ಶೌಚಾಲಯದ ಬಾಗಿಲು. ನಿಯಮವನ್ನು ಬಾಗಿಲಲ್ಲೇ ಚಿತ್ರ ಸಮೇತ ಅಂಟಿಸಿದ್ದಾರೆ: ಯಂತ್ರದಿಂದ ನಂಬರ್ ಚೀಟಿ ತೆಗೆದುಕೊಳ್ಳಿ, ನಂಬರ್ ಬಂದಾಗ ಆರ್ಡರ್ ಕೊಡಿ, ತಟ್ಟೆ ಕೈಗೆ ಬಂದ ಮೇಲೆ ಕೂರಿ. ನಾಲ್ಕು ವರ್ಷದ ಮಗುವಿಗೂ ಅರ್ಥವಾಗುವ ವಿಷಯ. ಅರ್ಥವಾಗದವರು ಸಾಮಾನ್ಯವಾಗಿ ಎರಡು ಸ್ನಾತಕೋತ್ತರ ಪದವಿ ಪಡೆದವರು.

ಕೌಂಟರಿನ ಹಿಂದೆ ನಿಲ್ಲುವವರು ಗ್ರೇಸಿ ಮೊಂತೇರೊ. ವಯಸ್ಸು ನಲವತ್ತೇಳು, ಊರು ಗಂಗೊಳ್ಳಿ. ಗಂಡ ಡೆರಿಕ್ ಗೋದಾಮುಗಳ ಸಾಫ್ಟ್‌ವೇರ್ ನೋಡಿಕೊಳ್ಳುವ ಕೆಲಸಕ್ಕೆ ಈ ಊರಿಗೆ ಬಂದಾಗ ಜೊತೆಗೆ ಬಂದವರು. ಅದಾಗಿ ಹನ್ನೊಂದು ವರ್ಷ. ಅಷ್ಟು ವರ್ಷಗಳಲ್ಲಿ ಗ್ರೇಸಿ ಹೋಟೆಲಿನ ಹಾಸಿಗೆ ಬದಲಾಯಿಸಿದ್ದಾರೆ, ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸಿದ್ದಾರೆ, ವೃದ್ಧರಿಗೆ ಕಾಲುಚೀಲ ಹಾಕಿದ್ದಾರೆ. ಎಲ್ಲವೂ ಬದಲಿ ಕೆಲಸ. ಬೆಳಗ್ಗೆ ಆರಕ್ಕೆ ಮೊಬೈಲಿಗೆ ಮೆಸೇಜ್ ಬಂದರೆ ಹೋಗಬೇಕು, ಬರದಿದ್ದರೆ ಮನೆಯಲ್ಲಿರಬೇಕು. ಈ ವರ್ಷ ಮಾರ್ಚ್ ಒಂದರಂದು ಈ ಅಂಗಡಿಯ ಒಡತಿ ಗುನಿಲ್ಲಾ ಗ್ರೇಸಿಯನ್ನು ಆರು ತಿಂಗಳ ಪರೀಕ್ಷೆಯ ಮೇಲೆ ತೆಗೆದುಕೊಂಡರು. ಅವಧಿ ಮುಗಿಯುವ ಎರಡು ವಾರ ಮೊದಲು, ಅಂದರೆ ಆಗಸ್ಟ್ ಹದಿನೇಳರೊಳಗೆ, ಒಡತಿ ಬೇಡವೆಂದು ಪತ್ರ ಕೊಟ್ಟರೆ ಕೆಲಸ ಹೋಯಿತು. ಕೊಡದಿದ್ದರೆ ತಾನಾಗಿಯೇ ಕಾಯಂ. ಗ್ರೇಸಿ ಆ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಲಿಲ್ಲ. ಅಗತ್ಯವಿರಲಿಲ್ಲ.

ಕೆಲಸ ಅವರಿಗೆ ಕಷ್ಟವಾಗಲಿಲ್ಲ. ಮೀನಿನ ತುಂಡನ್ನು ಬೆರಳಿನಿಂದ ಒತ್ತಿ ಅದು ಎಷ್ಟು ದಿನದ್ದು ಎಂದು ಹೇಳುವುದು ಗಂಗೊಳ್ಳಿಯಲ್ಲಿ ಹುಟ್ಟಿದವರಿಗೆ ವಿದ್ಯೆಯಲ್ಲ. ಕಷ್ಟವೆನಿಸಿದ್ದು ಗಿರಾಕಿಗಳು. ಮುಕ್ಕಾಲು ಮೀನು ತಿಂದು, ಉಳಿದ ಕಾಲು ಭಾಗವನ್ನು ಹಿಡಿದುಕೊಂಡು ಬಂದು, ಇದು ತಾಜಾ ಇಲ್ಲ ಎನ್ನುವ ನಿವೃತ್ತ ಮೇಷ್ಟ್ರು ಒಬ್ಬರಿದ್ದರು. ಗೋಧಿ ತಿಂದರೆ ತನಗೆ ಪ್ರಾಣಾಪಾಯ ಎಂದು ಹತ್ತು ನಿಮಿಷ ವಿವರಿಸಿ, ಬೇರೆ ಹಿಟ್ಟಿನಲ್ಲಿ ಕರಿಸಿಕೊಂಡು, ಆಮೇಲೆ ಗಂಡನ ತಟ್ಟೆಯಿಂದ ಎತ್ತಿ ತಿನ್ನುವ ಹೆಂಗಸು ಇದ್ದಳು. ಇವರೆಲ್ಲ ಮನೆಗೆ ಹೋಗಿ ಇಂಟರ್ನೆಟ್ಟಿನಲ್ಲಿ ಅಭಿಪ್ರಾಯ ಬರೆಯುತ್ತಾರೆ. ಗ್ರೇಸಿ ಅವನ್ನು ಬಸ್ಸಿನಲ್ಲಿ ಓದಿ ಮರೆಯುತ್ತಿದ್ದರು.

ವೆಂಕಟೇಶ ಈ ಪೈಕಿ ಬೇರೆಯೇ ಜಾತಿ. ಬೆಂಗಳೂರಿನವರು, ದೊಡ್ಡ ಕಂಪನಿಯೊಂದರಲ್ಲಿ ಸಲ್ಯೂಷನ್ ಆರ್ಕಿಟೆಕ್ಟ್, ಇಲ್ಲಿನ ಕನ್ನಡಿಗರ ಬಳಗಕ್ಕೆ ಯಾರೂ ಆರಿಸದ ಅಧ್ಯಕ್ಷ. ಇಂಟರ್ನೆಟ್ಟಿನಲ್ಲಿ ಅವರು ಬರೆದ ಹೋಟೆಲ್ ವಿಮರ್ಶೆಗಳು ಆರುನೂರ ನಲವತ್ತು. ಆ ಸಂಖ್ಯೆಯನ್ನು ಅವರೇ ಹೇಳುತ್ತಾರೆ, ಕೇಳದಿದ್ದರೂ. ಒಂದು ಚರ್ಚಿಗೆ ಮೂರು ನಕ್ಷತ್ರ ಕೊಟ್ಟಿದ್ದಾರೆ. ಸಸ್ಯಾಹಾರಿ. ಚಿಪ್ಸ್‌ಗಾಗಿ ಬರುತ್ತಾರೆ, ಬಂದಾಗಲೆಲ್ಲ ಚಿಪ್ಸ್ ಕರಿಯುವ ಎಣ್ಣೆ ಬೇರೆ ತಾನೇ ಎಂದು ಕೇಳುತ್ತಾರೆ, ಬೇರೆ ಎಂದು ಹೇಳಿದರೆ ಬಾಣಲೆ ತೋರಿಸಿ ಎನ್ನುತ್ತಾರೆ.

ಜುಲೈ ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ ಅವರು ಒಬ್ಬರೇ ಬಂದರು. ಕೈಯಲ್ಲಿ ನಾಲ್ಕು ಜಾಕೆಟ್. ಬಂದರಿನಲ್ಲಿ ಬೇಸಿಗೆಯಲ್ಲೂ ಗಾಳಿ ಇರುತ್ತದೆ, ಆದರೆ ಒಬ್ಬ ಮನುಷ್ಯನಿಗೆ ನಾಲ್ಕು ಜಾಕೆಟ್ ಬೇಕಾಗುವಷ್ಟು ಇರುವುದಿಲ್ಲ. ಚೀಟಿ ತೆಗೆದುಕೊಳ್ಳುವ ಮೊದಲೇ ಅವರು ಕಿಟಕಿ ಪಕ್ಕಕ್ಕೆ ಹೋಗಿ ಮೇಜಿಗೊಂದರಂತೆ ನಾಲ್ಕನ್ನೂ ಹರಡಿದರು. ಮೆಜೆಸ್ಟಿಕ್‌ನಲ್ಲಿ ಬಸ್ಸು ನಿಲ್ಲುವ ಮುಂಚೆ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯುವವರ ಕೈಚಳಕವೇ ಅದು. ವಿಮಾನ ಹತ್ತಿಸಿ, ಎರಡು ಭಡ್ತಿ ಕೊಟ್ಟು, ದುಬಾರಿ ಮಳೆಯಂಗಿ ತೊಡಿಸಿದರೂ ಕೈ ಮರೆತಿರಲಿಲ್ಲ.

ಚೀಟಿ ಹಿಡಿದವರು ಹದಿನೆಂಟು ಜನ. ವಯಸ್ಸಾದ ಸ್ವೀಡಿಷ್ ದಂಪತಿ ತಟ್ಟೆ ಹಿಡಿದು ಕಿಟಕಿ ಕಡೆಗೆ ಹೋದರು, ಜಾಕೆಟ್ ನೋಡಿದರು, ನಿಂತರು. ಇಲ್ಲಿನವರು ಬಾಯಿ ತೆರೆದು ಕೇಳುವುದಿಲ್ಲ. ತಟ್ಟೆ ತಣ್ಣಗಾಗುವವರೆಗೂ ನಿಲ್ಲುತ್ತಾರೆ.

ಗ್ರೇಸಿ ಕೌಂಟರ್ ಬಿಟ್ಟು ಬಂದರು. ‘ಸರ್, ಇದು ನಿಮ್ಮದಾ?’

‘ಹೌದು ಮೇಡಂ. ಜಸ್ಟ್ ಟೂ ಮಿನಿಟ್ಸ್. ನಮ್ಮೋರು ಪಾರ್ಕಿಂಗ್ ಹುಡುಕ್ತಾ ಇದಾರೆ. ನಾಲ್ಕ್ ಫ್ಯಾಮಿಲಿ.’

‘ಇಲ್ಲಿ ಹಾಗಿಲ್ಲ ಸರ್. ಮೊದಲು ಆರ್ಡರ್ ಮಾಡ್ಬೇಕು, ಮತ್ತೆ ಕೂತ್ಕೊಳ್ಳುದು.’

‘ಅಯ್ಯೋ, ನೀವು ನಮ್ಮೋರೇ ಅಲ್ವಾ? ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ. ಇವರಿಗೆಲ್ಲ ಎಲ್ಲಾದ್ರೂ ಕೂತ್ರೆ ಆಯ್ತು, ದಿನಾ ನೋಡೋ ಸಮುದ್ರ.’

ಗ್ರೇಸಿ ಎರಡನೇ ಸಲ ಹೇಳಲಿಲ್ಲ. ನಾಲ್ಕು ಜಾಕೆಟ್‌ಗಳನ್ನು ಒಂದೊಂದಾಗಿ ಎತ್ತಿ, ಭುಜದ ಹೊಲಿಗೆ ಹಿಡಿದು ಕೊಡವಿ, ಬಾಗಿಲ ಪಕ್ಕದ ಕೊಕ್ಕೆಗೆ ನೇತುಹಾಕಿದರು. ವೃದ್ಧ ದಂಪತಿಗೆ ಕುರ್ಚಿ ತೋರಿಸಿದರು. ಕೈ ತೊಳೆದುಕೊಂಡು ಮುಂದಿನ ನಂಬರ್ ಕರೆದರು. ಅಷ್ಟೇ ನಡೆದದ್ದು. ಅಷ್ಟರಲ್ಲಿ ನಾಲ್ಕು ಕುಟುಂಬಗಳೂ ಒಳಗೆ ಬಂದಿದ್ದವು. ತಮ್ಮ ಅಧ್ಯಕ್ಷರು ಚೀಟಿಯೂ ಇಲ್ಲದೆ, ಮೇಜೂ ಇಲ್ಲದೆ ಅಂಗಡಿಯ ನಡುವೆ ನಿಂತಿರುವುದನ್ನು ನೋಡಿದವು. ವೆಂಕಟೇಶರ ಹೆಂಡತಿ ವರ್ಷಾ, ‘ಎಲ್ರೀ ಸೀಟು?’ ಎಂದರು. ಅದನ್ನು ಅವರು ಸ್ವಲ್ಪ ಜೋರಾಗಿಯೇ ಕೇಳಿದರು.

ವೆಂಕಟೇಶ ಜಾಕೆಟ್ ತೆಗೆದುಕೊಂಡು ಎಲ್ಲರನ್ನೂ ಹೊರಡಿಸಿದರು. ಸಂಜೆಯೊಳಗೆ ಆರುನೂರ ನಲವತ್ತೊಂದನೆಯ ವಿಮರ್ಶೆ ಬಂತು. ಒಂದು ನಕ್ಷತ್ರ. ‘ಗ್ರೇಸಿ ಎಂಬ ಸಿಬ್ಬಂದಿಯಿಂದ ಜನಾಂಗೀಯ ತಾರತಮ್ಯ. ಭಾರತೀಯರು ಎಚ್ಚರ.’ ಮರುದಿನ ಅದಕ್ಕೆ ಜೊತೆಗಾರರು ಬಂದರು. ಬುಧವಾರದ ಹೊತ್ತಿಗೆ ಇಪ್ಪತ್ತೆರಡು ಮಂದಿ, ಎಲ್ಲರೂ ಒಂದು ನಕ್ಷತ್ರದವರು. ನಾಲ್ಕೂವರೆ ಇದ್ದ ಅಂಗಡಿಯ ಅಂಕ ಮೂರು ಮುಕ್ಕಾಲಿಗೆ ಇಳಿಯಿತು. ನಾರ್‌ಶೋಪಿಂಗ್‌ನ ಸಂದೀಪ್ ಎಂಬುವರು, ಹೆಲ್ಸಿಂಗ್‌ಬೋರ್ಯ್‌ಗೆ ಎಂದೂ ಕಾಲಿಡದವರು, ಇಲ್ಲಿನ ಟಾರ್ಟರ್ ಸಾಸ್ ತಣ್ಣಗಿತ್ತು ಎಂದು ದೂರಿದ್ದರು. ಟಾರ್ಟರ್ ಸಾಸ್ ತಣ್ಣಗೇ ಇರುತ್ತದೆ. ಫ್ಲೆಮಿಂಗ್ಸ್‌ಬೆರ್ಯ್‌ನ ಸಂಶೋಧಕಿಯೊಬ್ಬರಿಗೆ ಮೀನಿನಲ್ಲಿ ಮೀನಿನ ವಾಸನೆ ಬಂದಿತ್ತು.

ಡೆರಿಕ್ ರಾತ್ರಿಯ ಊಟಕ್ಕೆ ಕೂತಾಗ ಅದನ್ನೆಲ್ಲ ಓದಿ ಮೊಬೈಲ್ ಮಗುಚಿಟ್ಟರು. ಮನೆಯಲ್ಲಿ ಕೊಂಕಣಿ ಮಾತು. ‘ಒಂದು ಸಾರಿ ಅಂದುಬಿಡು ಗ್ರೇಸಿ. ಬಾಯಿ ಸವೆಯುತ್ತದಾ? ಇನ್ನು ಮೂರು ವಾರವೂ ಇಲ್ಲ.’

‘ಯಾವುದಕ್ಕೆ ಸಾರಿ? ಕೊಡವಿ ನೇತುಹಾಕಿದ್ದಕ್ಕಾ?’

‘ಹದಿನೇಳು ದಾಟಲಿ ಅಂತ ಹೇಳಿದೆ.’

‘ದಾಟದಿದ್ದರೆ ಬಿಡು, ಮತ್ತೆ ಕಾಲುಚೀಲ ಹಾಕಲಿಕ್ಕೆ ಹೋಗುತ್ತೇನೆ,’ ಎಂದರು ಗ್ರೇಸಿ. ಆ ರಾತ್ರಿ ಅವರು ಮೂರು ಸಲ ಎದ್ದು ನೀರು ಕುಡಿದರೆಂದು ಡೆರಿಕ್ ಹೇಳುತ್ತಾರೆ.

ಗುರುವಾರ ಅಂಗಡಿ ತೆರೆಯುವ ಮೊದಲು ಗುನಿಲ್ಲಾ ಗ್ರೇಸಿಯನ್ನು ಒಳಗೆ ಕರೆದರು. ಅರವತ್ತೊಂದು ವರ್ಷದ, ಹೆಚ್ಚು ಮಾತಾಡದ ಹೆಂಗಸು. ಮೇಜಿನ ಮೇಲೆ ಟ್ಯಾಬ್ಲೆಟ್ ಇಟ್ಟು, ‘ಇವರಲ್ಲಿ ಎಷ್ಟು ಜನ ಇಲ್ಲಿ ತಿಂದಿದ್ದಾರೆ?’ ಎಂದು ಸ್ವೀಡಿಷ್‌ನಲ್ಲಿ ಕೇಳಿದರು.

‘ಒಬ್ಬರು. ಅವರೂ ಆ ದಿನ ತಿಂದಿಲ್ಲ.’

‘ಇದೊಂದು ನಿಮ್ಮ ಭಾಷೆಯಲ್ಲಿದೆ. ಯಂತ್ರದ ಅನುವಾದ ಹುಚ್ಚುಹುಚ್ಚಾಗಿದೆ. ನೀವೇ ಓದಿ.’

ಅದು ಬಳಗದ ವಾಟ್ಸಾಪ್ ಗುಂಪಿನಿಂದ ಯಾರೋ ಇಡಿಯಾಗಿ ಎತ್ತಿ ತಂದು ಅಂಟಿಸಿದ ಬರಹ. ವಿಮರ್ಶೆಯನ್ನಷ್ಟೇ ಕತ್ತರಿಸಿಕೊಳ್ಳುವ ಬದಲು ಅದರ ಮೇಲಿದ್ದ ಅಧ್ಯಕ್ಷರ ಸೂಚನೆಯನ್ನೂ ಸೇರಿಸಿ ಹಾಕಿದ್ದರು. ಮುಂಜಾನೆಯ ಶುಭಾಶಯ, ದೇವರ ಚಿತ್ರ, ಮದ್ದಿನ ವಿಷಯ, ಏನೇ ಬಂದರೂ ಓದದೆ ಮುಂದೆ ಕಳಿಸಿ ಅಭ್ಯಾಸವಾದ ಬೆರಳು ಇಲ್ಲೂ ಓದಿರಲಿಲ್ಲ. ಗ್ರೇಸಿ ಒಂದೊಂದೇ ವಾಕ್ಯ ಓದಿ ಸ್ವೀಡಿಷ್‌ನಲ್ಲಿ ಹೇಳಿದರು. ದನಿ ಏರಿಸಲಿಲ್ಲ, ಏನನ್ನೂ ಸೇರಿಸಲಿಲ್ಲ.

‘ಆತ್ಮೀಯ ಬಂಧುಗಳೇ. ನಮ್ಮ ಒಗ್ಗಟ್ಟು ತೋರಿಸುವ ಸಮಯ. ಕೆಳಗಿನದನ್ನು ಕಾಪಿ ಮಾಡಿ, ಸ್ವಲ್ಪ ಬದಲಾಯಿಸಿ ಎಲ್ಲರೂ ಹಾಕಿ. ಅಂಗಡಿಗೆ ಹೋಗಿರಬೇಕೆಂದಿಲ್ಲ. ಜಾಕೆಟ್ ವಿಷಯ ಯಾರೂ ಬರೆಯಬೇಡಿ.’

‘ಜಾಕೆಟ್ ವಿಷಯ ಏನು?’ ಎಂದರು ಗುನಿಲ್ಲಾ.

ಗ್ರೇಸಿ ಹೇಳಿದರು. ಗುನಿಲ್ಲಾ ಕೇಳಿಸಿಕೊಂಡು ಕಿಟಕಿ ಕಡೆ ನೋಡಿದರು. ಆಮೇಲೆ, ಯಾರೂ ಕೇಳದಿದ್ದರೂ, ಮಾಯೋರ್ಕಾ ದ್ವೀಪದ ಹೋಟೆಲಿನ ಕಥೆ ಹೇಳಿದರು. ಬೆಳಗಾಗುವ ಮುಂಚೆ ಬಂದು ಈಜುಕೊಳದ ಪಕ್ಕದ ಕುರ್ಚಿಗಳಿಗೆಲ್ಲ ಟವೆಲ್ ಹಾಕಿ ಮತ್ತೆ ಮಲಗಲು ಹೋಗುವ ಪ್ರವಾಸಿಗಳು. ಎಂಟು ದಿನ ನೆಲದ ಮೇಲೆ ಕೂತ ಗುನಿಲ್ಲಾ. ಒಂಬತ್ತನೆಯ ದಿನ ನೀರಿಗೆ ಬಿದ್ದ ಹದಿನಾಲ್ಕು ಟವೆಲ್. ‘ನೀವು ಕೊಕ್ಕೆಗೆ ಹಾಕಿದ್ದೀರಿ. ನನಗಿಂತ ಒಳ್ಳೆಯವರು,’ ಎಂದು ಎದ್ದು ಎಣ್ಣೆ ಬಿಸಿಗೆ ಇಟ್ಟರು. ಕೆಲಸದ ವಿಷಯ ಎತ್ತಲೇ ಇಲ್ಲ. ಮಾಯೋರ್ಕಾದ ಸಿಟ್ಟಿಗೂ ತನ್ನ ಕೆಲಸ ಕಾಯಂ ಆಗುವುದಕ್ಕೂ ಸಂಬಂಧವಿದೆಯೋ ಇಲ್ಲವೋ ಗ್ರೇಸಿಗೆ ತಿಳಿಯಲಿಲ್ಲ. ಮೂರು ಮುಕ್ಕಾಲು ಎಂಬ ಅಂಕ ಹಾಗೇ ಇತ್ತು.

ಆಗಸ್ಟ್ ಹದಿನಾಲ್ಕನೇ ತಾರೀಖು ಬೆಳಗ್ಗೆ ವೆಂಕಟೇಶ ಬಂದರು. ಈ ಸಲ ಕೈಯಲ್ಲಿ ಜಾಕೆಟ್ ಇರಲಿಲ್ಲ, ಪ್ರಸ್ತಾಪವಿತ್ತು. ಗುನಿಲ್ಲಾ ಒಳಗೆ ಮೀನಿನ ಪೆಟ್ಟಿಗೆ ಬಿಚ್ಚುತ್ತಿದ್ದರು. ಹೊರಬಾಗಿಲಿಗೆ ಬೀಗವಿರಲಿಲ್ಲ, ಅಡುಗೆಮನೆಯ ಬಾಗಿಲು ತೆರೆದೇ ಇತ್ತು.

‘ಮೇಡಂ, ನಿಮ್ಮ ಪ್ರೊಬೇಷನ್ ವಿಷಯ ಗೊತ್ತಾಯ್ತು. ಛೇ, ನಮಗೇನು ನಿಮ್ಮೇಲೆ ದ್ವೇಷಾನಾ? ಒಂದು ಮಾತು ಹೇಳಿದ್ರೆ ಸಂಜೆ ಒಳಗೆ ಇಪ್ಪತ್ತೆರಡೂ ಡಿಲೀಟ್. ಫೈವ್ ಸ್ಟಾರ್ ಬೇಕಾದ್ರೂ ಹಾಕಿಸ್ತೀನಿ.’

‘ಏನು ಮಾತು?’

‘ಏನಿಲ್ಲ, ಒಂದು ಸಾರಿ. ಗ್ರೂಪಿಗೆ ವಾಯ್ಸ್ ಮೆಸೇಜ್ ಸಾಕು. ಆಮೇಲೆ ಸೆಪ್ಟೆಂಬರಲ್ಲಿ ನಮ್ಮ ಗೆಟ್‌ಟುಗೆದರ್ ಇದೆ. ಕಿಟಕಿ ಸೈಡು ನಾಲ್ಕೂ ಟೇಬಲ್ ಸ್ವಲ್ಪ ಹಿಡಿದಿಟ್ಟಿರಿ.’

ಹದಿನೇಳಕ್ಕೆ ಮೂರು ದಿನ ಉಳಿದಿತ್ತು. ಡೆರಿಕ್ ಬೇಡಿಕೊಂಡಿದ್ದೂ ಅದೇ ಒಂದು ಪದ. ಗ್ರೇಸಿ ಒದ್ದೆ ಬಟ್ಟೆಯಿಂದ ಕೌಂಟರ್ ಒರೆಸಿದರು, ವೆಂಕಟೇಶರ ಮೊಣಕೈ ಇದ್ದ ಜಾಗದವರೆಗೂ ಒರೆಸಿ, ಮೊಣಕೈ ಏಳುವವರೆಗೆ ಕಾದು, ಅಲ್ಲೂ ಒರೆಸಿದರು.

‘ಸರ್, ಅಂಗಡಿ ತೆರೆಯುದು ಹನ್ನೊಂದಕ್ಕೆ. ಚೀಟಿ ಮಿಷನ್ ಬಾಗಿಲಲ್ಲಿ ಉಂಟು.’

‘ಇಷ್ಟು ಧಿಮಾಕಾ? ನಾಳೆ ಕೆಲಸ ಹೋದ್ರೆ ಯಾರು ಬರ್ತಾರೆ ನಿಮಗೆ? ಇವರಾ?’

‘ನೀವಂತೂ ಬರುದಿಲ್ಲ ಅಂತ ಗೊತ್ತಾಯ್ತಲ್ಲ, ಅಷ್ಟು ಸಾಕು.’

ಒಳಗಿದ್ದ ಗುನಿಲ್ಲಾಗೆ ಭಾಷೆ ಅರ್ಥವಾಗಲಿಲ್ಲ. ಆದರೆ ಮೀನಿನ ಕೈಯಲ್ಲೇ ಹೊರಗೆ ಬಂದು, ‘ಇವರೇನಾ?’ ಎಂದು ಕೇಳಿದರು. ಗ್ರೇಸಿ ಹೌದೆಂದು ತಲೆಯಾಡಿಸಿದರು. ಗುನಿಲ್ಲಾ ಬಾಗಿಲವರೆಗೆ ನಡೆದು ಅದನ್ನು ತೆರೆದು ಹಿಡಿದುಕೊಂಡು ನಿಂತರು. ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿದರು: ‘ಗಾಳಿ ಇದೆ, ಜಾಕೆಟ್ ಹಾಕಿಕೊಳ್ಳಿ.’ ವೆಂಕಟೇಶ ಹೊರಗೆ ಹೋದ ಮೇಲೆ ಗಾಜಿನಾಚೆ ನಿಂತು ಮೊಬೈಲ್ ತೆಗೆದು ಏನನ್ನೋ ಒತ್ತತೊಡಗಿದರು. ಒಂದು ನಕ್ಷತ್ರಕ್ಕಿಂತ ಕಡಿಮೆ ಕೊಡಲು ಅದರಲ್ಲಿ ಅವಕಾಶವಿಲ್ಲ.

ಇಪ್ಪತ್ತೆರಡು ವಿಮರ್ಶೆಗಳು ಇಂದಿಗೂ ಅಲ್ಲೇ ಇವೆ. ಕ್ಯೂ ಆ ಬೇಸಿಗೆಯಲ್ಲಿ ಒಂದು ಮೊಳವೂ ಕಮ್ಮಿಯಾಗಲಿಲ್ಲ, ಏಕೆಂದರೆ ಹಸಿದವರು ಎಣ್ಣೆಯ ವಾಸನೆ ಹಿಡಿದು ಬರುತ್ತಾರೆ.

ಹದಿನೇಳರಂದು ಗ್ರೇಸಿ ಹತ್ತು ನಿಮಿಷ ಮೊದಲೇ ಹೋದರು. ತಮ್ಮ ಕಪಾಟಿನಲ್ಲಿ ಪತ್ರವಿದೆಯೇ ಎಂದು ನೋಡಿದರು. ಏಪ್ರನ್ ಬಿಟ್ಟು ಬೇರೇನೂ ಇರಲಿಲ್ಲ. ಸಂಜೆ ಅಂಗಡಿ ಮುಚ್ಚುವ ಮುಂಚೆ ಮತ್ತೊಮ್ಮೆ ನೋಡಿದರು. ಆಗ ಗುನಿಲ್ಲಾ ಅಡುಗೆಮನೆಯ ಗೋಡೆಗೆ ಹೊಸ ಡ್ಯೂಟಿ ಪಟ್ಟಿ ಅಂಟಿಸುತ್ತಿದ್ದರು. ಅಕ್ಟೋಬರ್ ತಿಂಗಳದ್ದು. ಶನಿವಾರಗಳ ಎದುರಿಗೆಲ್ಲ ಗ್ರೇಸಿಯ ಹೆಸರಿತ್ತು.

‘ಶನಿವಾರ ನಿಮಗೆ ಅಡ್ಡಿಯಿಲ್ಲ ತಾನೇ?’ ಎಂದರು ಗುನಿಲ್ಲಾ, ಟೇಪನ್ನು ಹಲ್ಲಿನಿಂದ ಕತ್ತರಿಸುತ್ತ. ‘ಜನ ಜಾಸ್ತಿ ಇರುತ್ತಾರೆ. ಕೊಕ್ಕೆಗೆ ಯಾರಾದರೂ ಬೇಕು.’

ಗ್ರೇಸಿ ಅಡ್ಡಿಯಿಲ್ಲ ಎಂದರು. ಆಮೇಲೆ ಹೊರಗೆ ಹೋಗಿ, ಇನ್ನೂ ಚೀಟಿ ಹಿಡಿದು ಕಾಯುತ್ತಿದ್ದ ಇಬ್ಬರಲ್ಲಿ ಮೊದಲನೆಯವರ ನಂಬರ್ ಕರೆದರು.